ಡಿಕ್ಕಿಯಲ್ಲಿದ್ದ ಏಪ್ರನ್

ಮಗಳ ಓದಿಗೆಂದು ಮಿರಾನ್ ಕೆನಡಾದ ಕೊಕ್ವಿಟ್ಲಂಗೆ ಬಂದು ಎರಡು ವರ್ಷವಾಗಿತ್ತು. ಗಂಡ ಟೇಸಿಕ್ ಕೊರಿಯಾದ ದೇಗುವಿನಲ್ಲೇ ಉಳಿದು, ದುಡಿದು ಕಳಿಸುತ್ತಿದ್ದ. ಮನೆ, ಮಗಳು, ಅಡುಗೆ ಅವಳದು, ಹೊರಗಿನದೆಲ್ಲ ಅವನದು. ಮದುವೆಯಾದಂದಿನಿಂದ ಹಾಗೇ ನಡೆದುಬಂದಿತ್ತು. ಈಗ ಅವನು ಹತ್ತು ದಿನದ ರಜೆಯ ಮೇಲೆ ಬರುತ್ತಿದ್ದ.

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಮಾರ್ಚ್‌ನಿಂದ ಮಿರಾನ್, ಮಗಳು ಬೊರಾಮ್ ಶಾಲೆಗೆ ಹೋದ ಮೇಲೆ, ಕೊರಿಯಾದವರ ಅಂಗಡಿಯೊಂದರಲ್ಲಿ ಕೋಸಿನ ಖಾರದ ಉಪ್ಪಿನಕಾಯಿಯಾದ ಕಿಮ್ಚಿ ಕಲಸುವ ಕೆಲಸಕ್ಕೆ ಹೋಗುತ್ತಿದ್ದಳು. ಫೋನಿನಲ್ಲಿ ಹೇಳಲು ಹೊರಟಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು. ಹೆಂಡತಿಯನ್ನು ದುಡಿಯಲು ಬಿಟ್ಟಿದ್ದಾನೆ ಎಂದು ನೆಂಟರು ಆಡಿಕೊಂಡರೆ ಅತ್ತೆ ಮಗನನ್ನು ಸುಮ್ಮನೆ ಬಿಡುವವಳಲ್ಲ.

ಅವನು ಬರುವ ಬೆಳಿಗ್ಗೆ ಕೈಗೆ ನಿಂಬೆಹಣ್ಣು ತಿಕ್ಕಿ ತಿಕ್ಕಿ ತೊಳೆದಳು. ಬೆಳ್ಳುಳ್ಳಿ ವಾಸನೆ ಹೋಗಲಿಲ್ಲ.

ವಿಮಾನ ನಿಲ್ದಾಣದಲ್ಲಿ ಟೇಸಿಕ್ ಸೂಟ್‌ಕೇಸ್ ಇಡಲು ಡಿಕ್ಕಿ ತೆರೆದ. ಮನೆಯಲ್ಲಿದ್ದ ಕೆಲಸದ ಗುರುತನ್ನೆಲ್ಲ ಮುಚ್ಚಿಟ್ಟ ಮಿರಾನ್ ಡಿಕ್ಕಿಯನ್ನು ಮರೆತಿದ್ದಳು. ಮೆಣಸಿನಪುಡಿಯ ಕಲೆಯಾದ ಏಪ್ರನ್, ಅದರ ಮೇಲೆ ಅವಳ ಹೆಸರಿನ ಬಿಲ್ಲೆ.

“ಇದೇನು?”

“ಚರ್ಚಲ್ಲಿ ಅಡುಗೆ ಮಾಡೋವಾಗ...”

ಅವನು ‘ಮಿರಾನ್’ ಎಂದಿದ್ದ ಬಿಲ್ಲೆಯನ್ನೇ ನೋಡಿದ. ಊರಿನಲ್ಲಿ ಎಲ್ಲರೂ ಅವಳನ್ನು ಬೊರಾಮ್ ಅಮ್ಮ ಎಂದೇ ಕರೆಯುತ್ತಿದ್ದರು, ಅವನೂ ಸಹ. ಆಮೇಲೆ ಕೈಚಾಚಿದ. “ಕೀ ಕೊಡು, ನಾನೇ ಓಡಿಸ್ತೀನಿ.”

ಎರಡನೇ ತಿರುವಿನಲ್ಲೇ ದಾರಿ ತಪ್ಪಿತು. ಹೇಳಿದರೆ ಮೆರೆಯುತ್ತಿದ್ದಾಳೆ ಅಂದುಕೊಂಡಾನೆಂದು ಅವಳು ತುಟಿ ಕಚ್ಚಿ ಕೂತಳು. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿದರು.

“ಅಪ್ಪಾ, ಇದು ಅಮೆರಿಕಕ್ಕೆ ಹೋಗೋ ರಸ್ತೆ! ಪಾಸ್‌ಪೋರ್ಟ್ ಕೈಲಿಟ್ಕೋ, ಇಲ್ಲಾಂದ್ರೆ ಸ್ಟೀರಿಂಗ್ ಅಮ್ಮಂಗೆ ಕೊಡು” ಎಂದಳು ಹಿಂದಿನ ಸೀಟಿನಿಂದ ಬೊರಾಮ್.

“ಬಾಯ್ಮುಚ್ಚು!” ಎಂದು ಗದರಿದರೂ, ಮುಂದಿನ ಪೆಟ್ರೋಲ್ ಬಂಕಿನಲ್ಲಿ ಅವನು ಕಾರು ನಿಲ್ಲಿಸಿದ. “ಬಾ, ನೀನೇ ಓಡಿಸು.”

ರಸ್ತೆ ನೋಡುತ್ತ ಹೇಳುವುದು ಅವಳಿಗೆ ಸ್ವಲ್ಪ ಸುಲಭವೆನಿಸಿತು. “ರೀ, ಆ ಏಪ್ರನ್ ಚರ್ಚಿಂದಲ್ಲ. ನಾನು ಕೆಲಸಕ್ಕೆ ಹೋಗ್ತಿದ್ದೀನಿ. ಮಾರ್ಚಿಂದ.”

“ನಾನು ಕಳ್ಸೋದು ಸಾಲಲ್ವಾ?”

“ಸಾಲುತ್ತೆ. ಒಬ್ಬಳೇ ಗೋಡೆ ನೋಡ್ಕೊಂಡು ಕೂತ್ರೆ ಉಸಿರು ಕಟ್ಟುತ್ತೆ.”

ಅವನು ಕಿಟಕಿಯತ್ತ ಮುಖ ತಿರುಗಿಸಿದ. ಮತ್ತೆ ಹತ್ತು ದಿನವೂ ಆ ಮಾತೆತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ರಜೆ ಹಾಕಿ ಮೂರು ಹೊತ್ತೂ ಬಿಸಿ ಅನ್ನ, ಸಾರು ಬಡಿಸಿದಳು. ಬಡಿಸುವಾಗಲೆಲ್ಲ ಅವನ ಮುಖವನ್ನೇ ಗಮನಿಸಿದಳು. ಒಂದು ಸಂಜೆ ಕಿಮ್ಚಿ ಬಾಯಿಗಿಟ್ಟವನು, “ಅಂಗಡೀದಾ?” ಎಂದ.

“ಹೂಂ. ನಾನೇ ಕಲಸಿದ್ದು.”

ಇನ್ನೊಂದು ತುಂಡು ಎತ್ತಿಕೊಂಡ. ಅಷ್ಟೆ.

ಹೊರಡುವ ದಿನ, ವಿಮಾನ ನಿಲ್ದಾಣದ ಒಳಗೆ ಹೋಗುವ ಮುನ್ನ, ಅವಳ ಮುಖ ನೋಡದೆ ಹೇಳಿದ: “ನಮ್ಮಮ್ಮಂಗೆ ಹೇಳ್ಬೇಡ.”

ಒಪ್ಪಿದನೋ, ನಾಚಿಕೆಪಟ್ಟನೋ? ವಾಪಸು ಬರುವ ದಾರಿಯುದ್ದಕ್ಕೂ ಅವಳು ಆ ಮಾತನ್ನೇ ತಿರುವಿ ತಿರುವಿ ನೋಡಿದಳು. ಮನೆ ಮುಟ್ಟಿದರೂ ತಿಳಿಯಲಿಲ್ಲ. ಮರುದಿನ ಬೊರಾಮ್‌ಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋದಳು.