ಕರಗದ ಪುಡಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಚೆನ್ನೈಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ತನ್ನೊಳಗೆ ವಿದ್ಯುತ್ ಹರಿಯಬಿಡುವ ಪ್ಲಾಸ್ಟಿಕ್ ತಯಾರಿಸುವುದು ನನ್ನ ಕೆಲಸ. ಎರಡು ವರ್ಷ ದುಡಿದು ಮಾಡಿದ ಪಾಲಿಮರ್, ಅಂದರೆ ಅಣುಗಳ ಉದ್ದನೆಯ ಸರಪಳಿ, ಕಾಗದದ ಮೇಲೆ ಬರೆದಾಗ ನೆಟ್ಟಗೆ, ಚೊಕ್ಕವಾಗಿತ್ತು. ಆದರೆ ಕೈಗೆ ಬಂದ ಕೆಂಪು ಪುಡಿ ಯಾವ ದ್ರಾವಕದಲ್ಲೂ ಕರಗಲಿಲ್ಲ. ಕರಗದೆ ಅದನ್ನು ಗಾಜಿನ ಮೇಲೆ ತೆಳುವಾಗಿ ಹರಡಿ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆಯುವಂತಿರಲಿಲ್ಲ.

ಲ್ಯಾಬಿನಲ್ಲಿ ಉಡುಪಿ ಕಡೆಯ ಹಿರಿಯ ಸಂಶೋಧಕಿಯೊಬ್ಬರಿದ್ದರು. ಒಂದು ಸಂಜೆ ತಾಂಬರಂ ಕಡೆಗೆ ಹೋಗುವ ಲೋಕಲ್ ಟ್ರೈನಿನಲ್ಲಿ ನನ್ನ ನೋಟ್‌ಬುಕ್ ನೋಡಿ ಹೇಳಿದರು: "ಸರಪಳಿಯ ಪಕ್ಕದಲ್ಲಿ ಒಂದೊಂದು ಬಾಲ ಇರ್ಲಿ ಮಾರಾಯ್ತಿ. ಆಗ ಸರಪಳಿಗಳು ಒಂದಕ್ಕೊಂದು ಅಂಟಿಕೊಳ್ಳುದಿಲ್ಲ."

"ಆ ಬಾಲದಲ್ಲಿ ಕರೆಂಟ್ ಹರಿಯಲ್ವಲ್ಲ ಅಕ್ಕ?"

"ಹರಿಯುದು ಬೇಡ. ಕರಗ್ಲಿಕ್ಕೆ ಬೇಕಲ್ಲ?"

ಮನಸ್ಸಿಲ್ಲದೆ ಸರಪಳಿಯ ಉದ್ದಕ್ಕೂ ಇಂಗಾಲದ ಚಿಕ್ಕ ಬಾಲಗಳನ್ನು ಸೇರಿಸಿದೆ. ಕೆಲವು ತಿಂಗಳ ನಂತರ ಹೊಸ ಪುಡಿ ಕರಗಿ ಸೀಸೆಯೆಲ್ಲ ಕಡುಗೆಂಪಾಯಿತು. ನಾನು ಎಣಿಸಿದ್ದಕ್ಕಿಂತ ಕಡಿಮೆಯಾದರೂ ವಿದ್ಯುತ್ ಹರಿಯಿತು.

ಗೈಡ್ ಸಂತೋಷದಿಂದ ಲೇಖನ ಬರೆಯಲು ಹೇಳಿದರು. ಅಕ್ಕನ ಹೆಸರನ್ನೂ ಸೇರಿಸಬೇಕೆಂದು ಅವರಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು. ಆ ಯೋಚನೆ ನನ್ನದೇ ಎಂದು ಅಷ್ಟರಲ್ಲಿ ನಾನೇ ಅರ್ಧ ನಂಬಿಬಿಟ್ಟಿದ್ದೆ. ಕೊನೆಗೆ ಹೇಳಿದೆ. ಗೈಡ್ ತಕ್ಷಣ ಒಪ್ಪಿದರು. ನನಗೆ ಮಾತ್ರ ಆ ಒಂದು ವಾರದ ನಾಚಿಕೆ ಇನ್ನೂ ಹೋಗಿಲ್ಲ.