ತೊಂಬತ್ತಮೂರು ಹಾಕಿದರೂ ಕುಟ್ಟಿದ ಇಂಜಿನ್

೧೯೬೩ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅಘನಾಶಿನಿ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದ ಅಪ್ಪ ಸೊಂಟ ಹಿಡಿದು ಮಲಗಿದ್ದರು. ಯಾರೂ ನನ್ನನ್ನು ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಬಂದವರೆಲ್ಲ ಮೊದಲು ಎತ್ತಿದ್ದು ಇದೇ ಮಾತನ್ನು. ಕುಮಟೆಯ ಲಾರಿ ಗ್ಯಾರೇಜಿನಲ್ಲಿ ಹದಿಮೂರು ವರ್ಷ ದುಡಿದು, ೧೯೭೬ರಲ್ಲಿ ಹೊನ್ನಾವರದ ಹೆದ್ದಾರಿ ಬದಿಯಲ್ಲಿ ನನ್ನದೇ ಗ್ಯಾರೇಜು ತೆರೆದೆ. ಹತ್ತು ವರ್ಷದೊಳಗೆ ಭಟ್ಕಳದಿಂದ ಕುಮಟೆಯವರೆಗಿನ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ನನ್ನ ಬಾಗಿಲಿಗೇ ಬರುತ್ತಿದ್ದವು.

ನಾನು ಹೇಳಹೊರಟಿರುವುದು ೧೯೮೬ರ ಮಾತು. ಭಟ್ಕಳ ತಾಲೂಕಿನ ಬೆಳಕೆಯ ಮಂಜುನಾಥನ ಬಳಿ ಒಂದು ಹಳೆಯ ಅಂಬಾಸಿಡರ್ ಟ್ಯಾಕ್ಸಿ ಇತ್ತು. ಅವನ ಮನೆಯವರೆಲ್ಲ ಮೀನುಗಾರರು. ಅಣ್ಣ ದೋಣಿ ಇಟ್ಟಿದ್ದ, ತಮ್ಮನಾದ ಇವನೊಬ್ಬ ಮಾತ್ರ ಸ್ಟೇರಿಂಗು ಹಿಡಿದವನು. ಮಳೆಗಾಲದಲ್ಲಿ ಅವನ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದ ಸಿಲಿಂಡರುಗಳನ್ನು ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ ಕೊಟ್ಟಿದ್ದೆ. ಒಂದು ತಿಂಗಳು ಗಾಡಿ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಒಂದು ದಿನ ಅವನು ಮುಖ ಊದಿಸಿಕೊಂಡು ಬಂದ.

"ಮೇಸ್ತ್ರಿ, ಇಂಜಿನ್ ಕುಟ್ತದೆ."

ಕುಟ್ಟುವುದು ಎಂದರೆ ಪುಸ್ತಕದವರು ನಾಕಿಂಗ್ ಎನ್ನುತ್ತಾರಲ್ಲ, ಅದು. ಸಿಲಿಂಡರಿನಲ್ಲಿ ಪಿಸ್ಟನ್ ಪೆಟ್ರೋಲಿನ ಆವಿಯನ್ನು ಒತ್ತುತ್ತದೆ, ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸಬೇಕು. ಪೂರ್ತಿ ಆವಿ ಕಿಡಿಯಿಂದ ಸರಿಯಾಗಿ ಉರಿಯುವ ಮೊದಲೇ ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಂಡರೆ, ಏರು ಹತ್ತುವಾಗ ಡಬ್ಬದಲ್ಲಿ ಗೋಲಿ ಕುಣಿಸಿದಂತೆ ಸದ್ದು ಬರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ತೂತು ಬೀಳುತ್ತದೆ.

ಕಿಡಿ ಹಾರುವ ಟೈಮಿಂಗ್ ನೋಡಿದೆ, ಪ್ಲಗ್ ನೋಡಿದೆ, ಎಲ್ಲ ಸರಿ ಇತ್ತು. ಕಿಡಿ ಸ್ವಲ್ಪ ತಡವಾಗಿ ಹಾರುವಂತೆ ಮಾಡಿ ಗಾಡಿ ಕಳಿಸಿದೆ. ಸದ್ದು ಕಡಿಮೆಯಾಯಿತು, ಗಾಡಿಯ ದಮ್ಮೂ ಹೋಯಿತು. ಸದ್ದು ಅಡಗಿಸಿ ಗಿರಾಕಿಯನ್ನು ಸಾಗಹಾಕಿದ್ದು ನನ್ನ ತಪ್ಪು. ಅದನ್ನು ಮುಚ್ಚಿಡುವುದಿಲ್ಲ.

ಮಂಜುನಾಥ ನೆಟ್ಟಗೆ ಮಂಗಳೂರಿಗೆ ಹೋದ. ಅಲ್ಲಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಡಿಪ್ಲೊಮಾ ಓದಿದ ಇಂಜಿನಿಯರು ಬಾನೆಟ್ ಎತ್ತಿ ನೋಡಿ, ಇನ್ನು ಮೇಲೆ ತೊಂಬತ್ತಮೂರು ಪೆಟ್ರೋಲನ್ನೇ ಹಾಕಬೇಕು ಎಂದರಂತೆ. ಆಗ ಪೆಟ್ರೋಲಿನಲ್ಲಿ ಎರಡು ಜಾತಿ: ಒಂದು ಸಾದಾ, ಇನ್ನೊಂದು ತೊಂಬತ್ತಮೂರು ಆಕ್ಟೇನಿನದು. ಸಾದಾದ ಆಕ್ಟೇನ್ ಕಡಿಮೆ, ದರವೂ ಕಡಿಮೆ. ನಮ್ಮ ಮೂರೂ ತಾಲೂಕುಗಳಲ್ಲಿ ನನಗೆ ತಿಳಿದಂತೆ ತೊಂಬತ್ತಮೂರು ಸಿಗುತ್ತಿರಲಿಲ್ಲ. ಮಂಜುನಾಥ ಮಂಗಳೂರಿಗೆ ಬಾಡಿಗೆ ಹೋದಾಗಲೆಲ್ಲ ಡಬ್ಬಿಯಲ್ಲಿ ತುಂಬಿಸಿ ತರತೊಡಗಿದ.

ತಂದು ಹಾಕಿದರೂ ಇಂಜಿನ್ ಕುಟ್ಟಿತು.

ಎರಡನೇ ಸಲ ಮಂಗಳೂರಿಗೆ ಹೋದವನಿಗೆ ಇಂಜಿನಿಯರು ಒಂದು ಬಿಳಿ ಕಾಗದದಲ್ಲಿ ಬರೆದುಕೊಟ್ಟರು: ರಿಪೇರಿ ಕೆಲಸ ಕಳಪೆ, ಪಿಸ್ಟನ್ ಜೋಡಣೆ ತಪ್ಪು, ಇಂಜಿನ್ ಪುನಃ ಬಿಚ್ಚಬೇಕು. ಮಂಜುನಾಥ ಆ ಕಾಗದ ಹಿಡಿದು ಗ್ಯಾರೇಜಿಗೆ ಬಂದಾಗ ಅಲ್ಲಿ ನಾಲ್ಕು ಜನ ಟ್ಯಾಕ್ಸಿಯವರು ಚಾ ಕುಡಿಯುತ್ತ ನಿಂತಿದ್ದರು.

"ಓದ್ಕಳಿ ಮೇಸ್ತ್ರಿ. ಓದೂಕೆ ಬತ್ತದಲ್ದಾ?" ಎಂದ.

ಒಬ್ಬ ನಕ್ಕ. ನಾನು ಓದಿದೆ, ಗಟ್ಟಿಯಾಗಿಯೇ, ನಾಲ್ವರಿಗೂ ಕೇಳುವಂತೆ ಓದಿದೆ.

"ಬಿಚ್ಚೂದಿಲ್ಲ," ಎಂದೆ.

"ಎಂತ?"

"ಈ ಇಂಜಿನ್ ನಾ ಬಿಚ್ಚೂದಿಲ್ಲ. ಬೇರೆಯವ್ರು ಬಿಚ್ಚೂಕೂ ಬಿಡೂದಿಲ್ಲ. ನನ್ನ ಕೆಲ್ಸ ತಪ್ಪು ಅಂತಾದ್ರೆ, ಇದೇ ನಾಲ್ಕು ಜನರ ಎದ್ರಿಗೆ ಆ ಗ್ಯಾರೇಜ್ ಬೋರ್ಡ್ ಕೆಳಗೆ ಇಳಿಸ್ತೆ."

ಅದು ಸಿಟ್ಟಿನ ಮಾತು ನಿಜ, ಆದರೆ ಬರಿ ಸಿಟ್ಟಲ್ಲ. ಆ ನಾಲ್ವರು ಸಂಜೆಯೊಳಗೆ ಭಟ್ಕಳದಿಂದ ಕುಮಟೆಯವರೆಗೆ ಸುದ್ದಿ ಮುಟ್ಟಿಸುವವರು. ನಾನು ಇಂಜಿನ್ ಬಿಚ್ಚಿದರೆ ತಪ್ಪು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಹತ್ತು ವರ್ಷದ ಹೆಸರು ಅಲ್ಲಿಗೇ ಮುಗಿಯಿತು.

ಕಂಪ್ರೆಷನ್ ಗೇಜ್ ತಂದೆ. ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಗಡಿಯಾರ ಅದು. ನಾಲ್ಕೂ ಸಿಲಿಂಡರಿಗೆ ಹಚ್ಚಿ ತೋರಿಸಿದೆ. ಇಂಜಿನ್ ಕೊಟ್ಟ ದಿನ ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಲೆಕ್ಕವೇ ಬಂತು. ಆಮೇಲೆ ಅವರಿಗೆ ಬಿಡಿಸಿ ಹೇಳಿದೆ. ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿಯಲ್ಲ. ತಾನಾಗಿ ಹೊತ್ತಿಕೊಳ್ಳದೆ ಅದು ಎಷ್ಟು ಒತ್ತಡ ತಡೆಯುತ್ತದೆ ಎಂಬುದರ ಅಳತೆ ಅಷ್ಟೆ. ಅಂಬಾಸಿಡರಿನ ಇಂಜಿನ್ ಒತ್ತುವುದೇ ಕಡಿಮೆ, ಅದಕ್ಕೆ ಸಾದಾ ಧಾರಾಳ ಸಾಕು. ತೊಂಬತ್ತಮೂರು ಹಾಕಿದರೆ ಅದು ಓಟದ ಕುದುರೆಯಾಗುವುದಿಲ್ಲ. ಇರಲಿ, ನನ್ನ ಪಿಸ್ಟನ್ ತಪ್ಪಿ ಒತ್ತಡ ಹೆಚ್ಚಾಗಿದೆ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ತೊಂಬತ್ತಮೂರು ಹಾಕಿದಾಗ ಕುಟ್ಟುವುದು ಕಡಿಮೆಯಾದರೂ ಆಗಬೇಕಿತ್ತು. ಎಳ್ಳಷ್ಟೂ ಆಗಲಿಲ್ಲ.

"ಅಂದ್ರೆ ಟಾಂಕಿಲಿ ಇಪ್ಪುದು ತೊಂಬತ್ಮೂರೇ ಅಲ್ಲ," ಎಂದೆ.

ಟಾಂಕಿಯಿಂದ ಒಂದು ಲೋಟ ಪೆಟ್ರೋಲು ಇಳಿಸಿದೆ. ಶುದ್ಧ ಪೆಟ್ರೋಲು ಕಾಗದದ ಮೇಲೆ ಬಿದ್ದರೆ ಸ್ವಲ್ಪ ಹೊತ್ತಿಗೆ ಆರಿ, ಗುರುತೂ ಉಳಿಯದಂತೆ ಹೋಗುತ್ತದೆ. ಗ್ಯಾರೇಜಿನಲ್ಲಿ ಗ್ರೀಸು ಮೆತ್ತದ ಕಾಗದ ಒಂದೇ ಇತ್ತು, ಮಂಗಳೂರಿನದು. ಅದರ ಮೇಲೆಯೇ ನಾಲ್ಕು ಹನಿ ಬಿಟ್ಟೆ.

"ಹೋಯ್, ಅದು ಇಂಜಿನಿಯರ್ ಬರ್ದದ್ದು!" ಎಂದು ಮಂಜುನಾಥ ಕೈ ಚಾಚಿದ.

"ಅವ್ರ ಕಾಗ್ದವೇ ಸಾಕ್ಷಿ ಹೇಳಲಿ ಮಾರಾಯಾ."

ಆರೂ ಜನ ಕಾದೆವು. ಚಾ ಆರಿತು, ಕಾಗದ ಆರಲಿಲ್ಲ. ಜಿಡ್ಡಿನ ನಾಲ್ಕು ಕಲೆಗಳು ಹಾಗೇ ಉಳಿದವು. ಮೂಸಿ ನೋಡಿದೆ: ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಪೆಟ್ರೋಲಿಗೆ ಚಿಮಣಿ ಎಣ್ಣೆ ಬೆರೆತರೆ ಆಕ್ಟೇನ್ ಇಳಿದುಹೋಗುತ್ತದೆ, ಆಗ ಎಂಥ ಇಂಜಿನ್ನೂ ಕುಟ್ಟುತ್ತದೆ.

ಮಂಜುನಾಥ ಒಮ್ಮೆಲೇ ಬಂಕಿನವರ ಮೇಲೆ ತಿರುಗಿದ. "ಕಳ್ರು! ಬೆರಕೆ ಮಾಡಿ ಮಾರ್ತ್ರು!"

"ಭಟ್ಕಳದವ್ರೂ ಬೆರೆಸ್ತ್ರು, ಮಂಗಳೂರಿನವ್ರೂ ಬೆರೆಸ್ತ್ರಾ? ನೀ ಟಾಂಕಿಗೆ ಎಲ್ಲಿಂದ ಹಾಕ್ತೆ?"

"ಮನೆ ಡಬ್ಬಿಯಿಂದ. ಬೆಳ್ಗಾ ಮುಂಚೆ ಬಾಡಿಗೆ ಇದ್ರೆ ಬಂಕ್ ತೆಗ್ದಿರೂದಿಲ್ಲಲ್ದಾ, ಅದಕ್ಕೇ ಸಾದಾನೂ ಡಬ್ಬಿಲೇ ತಂದಿಡ್ತೆ."

ಆಗಲೇ ಅವನ ಗಾಡಿಯಲ್ಲೇ ಬೆಳಕೆಗೆ ಹೊರಟೆವು. ದಾರಿಯುದ್ದಕ್ಕೂ ಇಂಜಿನ್ ಕುಟ್ಟುತ್ತಿತ್ತು. ಮನೆಯ ಅಂಗಳದಲ್ಲಿ ಅವನ ತಾಯಿ ಮೀನು ಒಣಹಾಕುತ್ತಿದ್ದರು. ಮಾಡಿನ ಕೆಳಗೆ ಇಪ್ಪತ್ತು ಲೀಟರಿನ ಒಂದು ನೀಲಿ ಡಬ್ಬಿ ಇತ್ತು. ಎತ್ತಿ ಅಲ್ಲಾಡಿಸಿದೆ, ತಳದಲ್ಲಿ ಏನೋ ಗುಳುಗುಳು ಎಂದಿತು.

"ಅಬ್ಬೆ, ಇದು ಎಂತದ್ರ ಡಬ್ಬಿ?" ಎಂದು ತಾಯಿಯನ್ನು ಕೇಳಿದೆ.

"ದೋಣಿದು. ದೊಡ್ಡವ ಮಿಷನ್ ತಂದ್ನಲ್ಲಾ, ಅದಕ್ಕೆ ಚಿಮಣಿ ಎಣ್ಣೆ ತರೂದು."

ಆಗ ತಾನೇ ದೋಣಿಗಳಿಗೆ ಹಿಂದಿನಿಂದ ಸಿಕ್ಕಿಸುವ ಮಿಷನ್ನುಗಳು ಬರತೊಡಗಿದ್ದವು. ಪೆಟ್ರೋಲಿನಲ್ಲಿ ಶುರು ಮಾಡಿ ಚಿಮಣಿ ಎಣ್ಣೆಯಲ್ಲಿ ಓಡಿಸುವುದು ಅವುಗಳ ಕ್ರಮ. ಅಣ್ಣ ಮಿಷನ್ ತಂದದ್ದೂ ತಮ್ಮನ ಇಂಜಿನ್ ಕುಟ್ಟತೊಡಗಿದ್ದೂ ಒಂದೇ ತಿಂಗಳಲ್ಲಿ.

"ಪೆಟ್ರೋಲಿಗೂ ಇದೇ ಡಬ್ಬಿ, ಆದ್ರೆ ಖಾಲಿ ಮಾಡಿಯೇ ತಕಂಡ್ ಹೋಗ್ತೆ ಮೇಸ್ತ್ರಿ," ಎಂದು ಮಂಜುನಾಥ ಆಣೆ ಹಾಕಿದ.

"ಖಾಲಿ ಮಾಡೂಕೆ ನಾ ಬಿಟ್ರಲ್ದಾ!" ಎಂದು ತಾಯಿ ಎದ್ದು ನಿಂತರು. "ಅಕ್ಕಿ ಮಡಕೆ ಬರಿದು ಮಾಡೂದಿಲ್ಲ, ದೋಣಿ ಡಬ್ಬಿನೂ ಬರಿದು ಮಾಡೂದಿಲ್ಲ. ಇವ ಬಗ್ಗಿಸಿಟ್ಟು ಮೀಯೂಕೆ ಹೋದ ಮೇಲೆ ಎರಡು ಚೊಂಬು ನಾನೇ ಹಾಕಿಡ್ತೆ. ಬರಿ ಡಬ್ಬಿ ಮನೆಯಿಂದ ಹೊರಗೆ ಹೋಪುಕಾಗ."

ಮಂಜುನಾಥ ಅಲ್ಲೇ ಜಗಲಿಯ ಮೇಲೆ ಕುಳಿತ. ಮಂಗಳೂರಿನಿಂದ ಹೊತ್ತು ತಂದ ತೊಂಬತ್ತಮೂರೂ ಆ ಎರಡು ಚೊಂಬು ಚಿಮಣಿ ಎಣ್ಣೆಯ ಮೇಲೆಯೇ ಬಿದ್ದಿತ್ತು. ಮನೆಯಲ್ಲಿ ದೀಪಕ್ಕೂ ಅದೇ, ದೋಣಿಗೂ ಅದೇ. ಆ ವಾಸನೆ ಅವನ ಮೂಗಿಗೆ ಬೇರೆಯಾಗಿ ಬಡಿಯುವುದಾದರೂ ಹೇಗೆ?

"ಅಬ್ಬೆ, ನೀ ನನ್ನ ಇಂಜಿನ್ ಜೀವ ತೆಗ್ದೆ," ಎಂದ.

"ನಿನ್ನ ಇಂಜಿನಿಗೆ ಬೇರೆ ಡಬ್ಬಿ ತಕಬಾ. ನನ್ನ ಡಬ್ಬಿ ಮುಟ್ಟಬೇಡ," ಎಂದು ಅವರು ಮೀನಿನ ಕಡೆ ತಿರುಗಿದರು. ಅಂದು ಸೋಲದವರು ನಾನು ಮತ್ತು ಅವರು, ಇಬ್ಬರೇ.

ಮರುದಿನ ಟಾಂಕಿ ಇಳಿಸಿ ತೊಳೆದೆ, ಕಾರ್ಬುರೇಟರ್ ತೊಳೆದೆ, ಟೈಮಿಂಗನ್ನು ಮೊದಲಿನ ಗುರುತಿಗೆ ತಂದೆ. ಕುಮಟೆಯ ಬಂಕಿನಲ್ಲಿ ಹತ್ತು ಲೀಟರ್ ಸಾದಾ ಹಾಕಿಸಿ, ಅದೇ ನಾಲ್ವರು ಟ್ಯಾಕ್ಸಿಯವರನ್ನು ಕೂರಿಸಿಕೊಂಡು ಶಿರಸಿ ದಾರಿಯಲ್ಲಿ ದೇವಿಮನೆ ಘಟ್ಟ ಹತ್ತಿಸಿದೆ. ಮಂಜುನಾಥ ಮುಂದಿನ ಸೀಟಿನಲ್ಲಿ ಇನ್ನೊಬ್ಬನ ಜೊತೆ ಒತ್ತಿ ಕುಳಿತಿದ್ದ. ಬೇಕೆಂದೇ ಟಾಪ್ ಗೇರಿನಲ್ಲಿ ಏರಿಗೆ ಬಿಟ್ಟು ಆಕ್ಸಿಲೇಟರ್ ಒತ್ತಿದೆ. ಇಂಜಿನ್ ಕುಟ್ಟುವುದಿದ್ದರೆ ಅಲ್ಲೇ ಕುಟ್ಟಬೇಕು. ಗಾಡಿ ಏದುಸಿರು ಬಿಟ್ಟಿತು, ನಡುಗಿತು, ಆದರೆ ಗೋಲಿ ಸದ್ದು ಒಂದೂ ಇಲ್ಲ. ಗ್ಯಾರೇಜಿನಲ್ಲಿ ನಕ್ಕಿದ್ದವನೇ ಹಿಂದಿನ ಸೀಟಿನಿಂದ, "ಆತು ಮೇಸ್ತ್ರಿ, ಗೇರ್ ಇಳಿಸಿ, ಪಾಪ ಅದ್ರ ಜೀವ ಹೋಗ್ತದೆ," ಎಂದ.

"ಬೋರ್ಡ್ ಇಳಿಸೂದಾ?" ಎಂದು ಕೇಳಿದೆ.

"ಇಳಿಸಿ, ಬಣ್ಣ ಹೊಡ್ದು ಮತ್ತೆ ಹಾಕಿ. ತುಕ್ಕು ಹಿಡ್ದಿದೆ," ಎಂದ ಮಂಜುನಾಥ. ಅವನು ಕ್ಷಮೆ ಕೇಳಿದ್ದು ಅಷ್ಟೆ. ನನಗೂ ಅಷ್ಟು ಸಾಕಿತ್ತು.

ಜಿಡ್ಡಿನ ಕಲೆಯಿದ್ದ ಆ ಕಾಗದವನ್ನು ಲಕೋಟೆಗೆ ಹಾಕಿ ಮಂಗಳೂರಿಗೆ ತಿರುಗಿ ಕಳಿಸಿದೆ. ಕೆಳಗೆ ಎರಡೇ ಸಾಲು ಬರೆದಿದ್ದೆ: ಇಂಜಿನ್ ಬಿಚ್ಚಲಿಲ್ಲ. ಸಾದಾ ಪೆಟ್ರೋಲಿನಲ್ಲಿ ಘಟ್ಟ ಹತ್ತಿದೆ. ಉತ್ತರ ಬರಲಿಲ್ಲ. ಬರಬೇಕೆಂದು ಕಳಿಸಿದ್ದೂ ಅಲ್ಲ.

ತೊಂಬತ್ತಮೂರನ್ನು ನಾನು ಹಳಿಯುವವನಲ್ಲ. ಮುಂದೆ ಒತ್ತಡ ಹೆಚ್ಚಿನ ಸಣ್ಣ ಕಾರುಗಳು ಬಂದಾಗ, ಸಾದಾ ಹಾಕಿ ಉಳಿಸಲು ಹೋದವರನ್ನು ನಾನೇ ಗದರಿಸಿದ್ದೇನೆ. ಹೆಚ್ಚಿನ ದರದ್ದು ಮೇಲು, ಕಡಿಮೆಯದ್ದು ಕೀಳು ಎಂದು ಇಂಜಿನ್ ತಿಳಿದಿಲ್ಲ. ಅದಕ್ಕೆ ತನ್ನ ಹೊಟ್ಟೆಗೆ ಒಗ್ಗುವುದು ಬೇಕು, ಅದೂ ಶುದ್ಧವಾಗಿ. ಆ ದಿನದಿಂದ ನನ್ನಲ್ಲಿಗೆ ಬಂದ ಯಾವ ಗಾಡಿಗೂ ಸ್ಪ್ಯಾನರ್ ಹಚ್ಚುವ ಮೊದಲು, ಪೆಟ್ರೋಲು ಯಾವುದು ಎಂದು ಕೇಳಿ ಅಲ್ಲಿಗೇ ಬಿಟ್ಟಿಲ್ಲ. ಯಾವ ಪಾತ್ರೆಯಲ್ಲಿ ಬಂತು, ಯಾರ ಕೈ ದಾಟಿ ಬಂತು ಎಂದೂ ಕೇಳಿದ್ದೇನೆ. ಡಿಪ್ಲೊಮಾದಲ್ಲಿ ಇದನ್ನು ಕಲಿಸುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ಈಗ ನನ್ನ ಬಳಿ ಎರಡು ಶೆಡ್ಡು, ಒಂದು ಲೇತ್, ಕಾಗಾಲದಲ್ಲಿ ಆರು ಗುಂಟೆ ಜಾಗ, ನನ್ನ ಕೈಕೆಳಗೆ ಕಲಿತು ಸ್ವಂತ ಗ್ಯಾರೇಜು ತೆರೆದ ಏಳು ಜನ, ಮತ್ತು ಕೆಲಸದಲ್ಲಿ ಒಂದು ಹೋಗಿ ಬಲಗೈಯಲ್ಲಿ ಉಳಿದ ನಾಲ್ಕು ಬೆರಳು ಇವೆ.