ಸೋತ ಕೋಚ್ ಕಟ್ಟಿದ ತಂಡ

ನಮ್ಮ ಅಮೆರಿಕನ್ ಸಾಹೇಬರ ಊರಿನ ಫುಟ್‌ಬಾಲ್ ತಂಡವನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಅವರ ಬಳಿ ಸಿದ್ಧ ಉತ್ತರವಿತ್ತು. ನಾನು ಅದನ್ನು ಅಂದೂ ನಂಬಲಿಲ್ಲ, ಇಂದೂ ನಂಬುವುದಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕೊಲ್ಲಿ ದೇಶದ ಇಬ್ರಿ ಪಟ್ಟಣದಿಂದಾಚೆ, ತೈಲಬಾವಿಗಳ ಕೆಲಸ ಹಿಡಿದಿದ್ದ ಒಂದು ಕಂಪನಿಯ ಕ್ಯಾಂಪಿನಲ್ಲಿ ನಾನು ಸ್ಟೋರ್‌ಕೀಪರ್. ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಇಂಗ್ಲಿಷನ್ನು ಹಳೆಯ ಪತ್ರಿಕೆಗಳಿಂದ ಕಲಿತಿದ್ದೆ. ಶುಕ್ರವಾರ ಮಧ್ಯಾಹ್ನ ಸಾಹೇಬರು ತಮ್ಮ ಕ್ಯಾಬಿನ್ನಿನಲ್ಲಿ ಊರಿನಿಂದ ತರಿಸಿದ ವೀಡಿಯೊ ಕ್ಯಾಸೆಟ್ ಹಾಕುತ್ತಿದ್ದರು. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ, ಹೆಲ್ಮೆಟ್ ತೊಟ್ಟವರು ಒಬ್ಬರ ಮೇಲೊಬ್ಬರು ಬೀಳುವ ಆ ಆಟವನ್ನು ನೋಡಲು ನಾನೂ ನಮ್ಮ ಟೈಮ್‌ಕೀಪರರೂ ತಪ್ಪದೆ ಹೋಗುತ್ತಿದ್ದೆವು. ಟೈಮ್‌ಕೀಪರರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮ ಕ್ಯಾಂಪಿನ ಕಬಡ್ಡಿ ತಂಡಕ್ಕೆ ಅವರೇ ಕೋಚ್.

ಸಾಹೇಬರ ಪ್ರಕಾರ ಅವರ ತಂಡದ ಚರಿತ್ರೆಯೆಂದರೆ ಮೂವರು ಕೋಚ್‌ಗಳ ಚರಿತ್ರೆ. ಮೊದಲನೆಯವನು ಶಿಸ್ತಿನ ಮುದುಕ. ಎರಡನೆಯವನು ಸೋತು ಸೋತು ಕೆಲಸ ಕಳೆದುಕೊಂಡವನು. ಮೂರನೆಯವನು ಬಂದ ವರ್ಷವೇ ಕಪ್ ಗೆದ್ದ; ಊರವರು ಒಂದು ರಸ್ತೆಗೆ ಅವನ ಹೆಸರಿಟ್ಟರು. ನಾನು ಎರಡನೆಯವನ ಕಾಲದ ಕ್ಯಾಸೆಟ್ಟುಗಳನ್ನು ಕೇಳಿದೆ. “ಸೋತ ಪಂದ್ಯವನ್ನು ಯಾರಾದರೂ ನೋಡುತ್ತಾರೆಯೇ?” ಎಂದು ನಕ್ಕರೂ ಹುಡುಕಿ ಹಾಕಿದರು. ನೋಡಿದರೆ, ಮುಂದೆ ಕಪ್ ಎತ್ತಿದವರ ಬೆನ್ನ ಮೇಲಿದ್ದ ಅಂಕಿಗಳೇ ಅಲ್ಲಿಯೂ ಓಡುತ್ತಿದ್ದವು, ಬೀಳುತ್ತಿದ್ದವು, ಏಳುತ್ತಿದ್ದವು. ಹುಡುಗರನ್ನು ಹುಡುಕಿ ತಿದ್ದಿದವನು ಎರಡನೆಯವನು, ಫಸಲು ಕೊಯ್ದವನು ಮೂರನೆಯವನು ಎಂದು ವಾದಿಸಿದೆ. ಸಾಹೇಬರು ಒಪ್ಪಲಿಲ್ಲ.

ಟೈಮ್‌ಕೀಪರರ ಮನಸ್ಸು ಹೋದದ್ದು ಬೇರೆ ಕಡೆಗೆ. ಪ್ರತಿ ಬಾರಿ ಆಟ ಶುರುವಾಗುವ ಮೊದಲು ಆ ಆಟಗಾರರು ವೃತ್ತವಾಗಿ ನಿಂತು, ತಲೆಗೆ ತಲೆ ತಾಗಿಸಿ, ಗುಟ್ಟಾಗಿ ಮಾತಾಡಿಕೊಳ್ಳುವುದು ಅವರಿಗೆ ಬಹಳ ಹಿಡಿಸಿತು. ಅಲ್ ಅಮೇರಾತ್‌ನ ತಂಡ ನಮ್ಮಲ್ಲಿಗೆ ಆಡಲು ಬಂದ ಶುಕ್ರವಾರ ನಮ್ಮವರಿಂದಲೂ ಅದನ್ನೇ ಮಾಡಿಸಿದರು. ಆದರೆ ಅಮೆರಿಕದ ಆಟ ಗಳಿಗೆಗೊಮ್ಮೆ ನಿಲ್ಲುತ್ತದೆ. ಕಬಡ್ಡಿ ಯಾರಿಗೂ ಕಾಯುವುದಿಲ್ಲ. ನಮ್ಮವರು ತಲೆ ಸೇರಿಸಿ ಗುಸುಗುಸು ಎನ್ನುತ್ತಿರುವಾಗಲೇ ಆ ಕಡೆಯವನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಬಂದು, ಅಂಗಡಿಯಲ್ಲಿ ಕಲ್ಲಂಗಡಿ ತಟ್ಟಿ ನೋಡುವವನಂತೆ ಒಬ್ಬೊಬ್ಬರ ಬೆನ್ನನ್ನೂ ತಟ್ಟಿ, ನಿಧಾನವಾಗಿ ಮರಳಿದ. ಇಡೀ ತಂಡ ಔಟ್! ನಗುವಿನ ಭರದಲ್ಲಿ ರೆಫರಿಗೆ ಸೀಟಿ ಊದಲಾಗಲಿಲ್ಲ. ಪಂದ್ಯವೂ ಹೋಯಿತು.

ಆ ಸಂಜೆ ಮೆಸ್ಸಿನಲ್ಲಿ ತಂಡದ ಅಧ್ಯಕ್ಷರಾಗಿದ್ದ ಅಕೌಂಟೆಂಟರು ತೀರ್ಪು ಕೊಟ್ಟರು: “ಖಲಾಸ್. ಮುಂದಿನ ಪಂದ್ಯಕ್ಕೆ ಬೇರೆ ಕೋಚ್.” ಅವರ ಕಣ್ಣು ಆಗಷ್ಟೇ ಕ್ಯಾಂಪಿಗೆ ಬಂದಿದ್ದ, ಕಾಲೇಜು ತಂಡದಲ್ಲಿ ಆಡಿದ್ದ ತುಳುವ ತರುಣನ ಮೇಲಿತ್ತು.

ಟೈಮ್‌ಕೀಪರರು ಮೀನಿನ ಮುಳ್ಳು ಬಿಡಿಸುತ್ತಿದ್ದರು. ಆ ಚಳಿಗಾಲ ಮುಗಿದೊಡನೆ ಅವರು ಕೆಲಸ ಬಿಟ್ಟು ಊರಿಗೆ ಮರಳುವವರು. ಗೆದ್ದ ತಂಡದ ಪಕ್ಕದಲ್ಲಿ ಒಮ್ಮೆಯಾದರೂ ನಿಲ್ಲಬೇಕೆಂಬ ಅವರ ಆಸೆಗೆ ಉಳಿದಿದ್ದುದು ಅದೊಂದೇ ಪಂದ್ಯ.

ನಾನು ಎದ್ದು ನಿಂತೆ. “ಈ ಹುಡುಗರಿಗೆ ಕಾಲು ಹಿಡಿಯಲು ಕಲಿಸಿದವರು ಯಾರು? ನಾಳೆ ಹೊಸ ಕೋಚ್ ಬಂದು ಗೆದ್ದರೆ ಆ ಗೆಲುವು ಯಾರದು? ಅಮೆರಿಕದಲ್ಲಿ ಆದದ್ದೂ ಇದೇ.”

“ಅಮೆರಿಕದ ಪುರಾಣ ಇಲ್ಲಿ ಎಂತಕ್ಕೆ ಮಾರಾಯ್ರೆ?” ಎಂದರು ಅಕೌಂಟೆಂಟರು. “ಅಲ್ಲಿಂದ ತಂದ ವಿದ್ಯೆಯಿಂದಲೇ ಅಲ್ವಾ ಇವತ್ತು ನಮ್ಮ ಮರ್ಯಾದೆ ಹೋದದ್ದು?”

“ಬೇಕಾದರೆ ಸಾಹೇಬರನ್ನೇ ಕೇಳಿ!” ಎಂದೆ.

ಮೀನುಸಾರಿಗಾಗಿ ಶುಕ್ರವಾರ ನಮ್ಮ ಮೆಸ್ಸಿಗೇ ಬರುತ್ತಿದ್ದ ಸಾಹೇಬರು ಬೆರಳು ನೆಕ್ಕುತ್ತ, “ಅನುಮಾನವೇ ಬೇಡ, ಗೆಲ್ಲಿಸಿದವನು ಮೂರನೆಯವನು. ಕೋಚನ್ನು ಬದಲಿಸಿ,” ಎಂದುಬಿಟ್ಟರು. ನಾನೇ ಕರೆದ ಸಾಕ್ಷಿ ನನ್ನ ಕೇಸನ್ನೇ ಮುಳುಗಿಸಿದ್ದರು. ಮೆಸ್ಸಿಗೆ ಮೆಸ್ಸೇ ನಕ್ಕಿತು; ನಾನೂ ನಕ್ಕೆ.

ಕೊನೆಗೆ ಬಾಯಿ ಬಿಟ್ಟವನು ಆ ತರುಣ. “ಅಣ್ಣ, ಈ ಹುಡುಗರ ಹಿಡಿತ ನಾನು ನೋಡಿದೆ. ನಮ್ಮ ಕಾಲೇಜಿನಲ್ಲೂ ಹೀಗೆ ಹಿಡಿಯುವವರು ಇರಲಿಲ್ಲ. ಕಲಿಸ್ಲಿಕ್ಕೆ ನನ್ನತ್ರ ಎಂತ ಉಂಟು? ಕೋಚ್ ಅವರೇ ಇರಲಿ, ನಾನು ಆಡ್ತೇನೆ. ಆ ಗುಸುಗುಸು ಮಾತ್ರ ನಮ್ಮವ ಆಚೆ ದಾಳಿಗೆ ಹೋದಾಗ ಮಾಡುವ. ಆಗ ಈಚೆ ಯಾರೂ ಬರುವುದಿಲ್ಲವಲ್ಲ?”

ಟೈಮ್‌ಕೀಪರರು ತಲೆಯೆತ್ತಿದರು. “ಹಾಗಾದರೆ ನಾಳೆ ಬೆಳಿಗ್ಗೆ ಬೇಗ ಮೈದಾನಕ್ಕೆ ಬಾ ಮಾರಾಯ. ಮೊದಲು ನಿನ್ನ ಹೊಟ್ಟೆ ಇಳಿಸುವ.”

ಮರುಪಂದ್ಯ ಅಲ್ ಅಮೇರಾತ್‌ನಲ್ಲಿ ನಡೆಯಿತು, ನಾವು ಗೆದ್ದೆವು. ಕಾಲೇಜಿನ ಹುಡುಗ ಬಂದದ್ದರಿಂದ ಗೆದ್ದರು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸುಳ್ಳು. ಕೊನೆಯ ದಾಳಿಯ ಹೊತ್ತಿಗೆ ಅವನು ಔಟಾಗಿ ಗೆರೆಯ ಹೊರಗೆ ಕೂತು ಚಪ್ಪಾಳೆ ತಟ್ಟುತ್ತಿದ್ದ. ನಾನು ಅವನ ಪಕ್ಕದಲ್ಲೇ ಇದ್ದೆ. ದಾಳಿಗೆ ಬಂದವನ ಹಿಮ್ಮಡಿಗೆ ಬಿದ್ದು ಬಿಗಿಹಿಡಿದವನು ನಮ್ಮ ಮೆಸ್ಸಿನ ಸಣಕಲು ಅಡುಗೆಯವ. ಕಬಡ್ಡಿಯ ಅಂಕಣವನ್ನೇ ಕಾಣದಿದ್ದ ಅವನಿಗೆ ಆ ಹಿಡಿತ ಕಲಿಸಿದವರು ಟೈಮ್‌ಕೀಪರರು.

ಸೀಟಿ ಊದಿದಾಗ ಅವರು ಗೆರೆಯ ಬಳಿ ಅಲುಗಾಡದೆ ನಿಂತಿದ್ದರು. ಹುಡುಗರು ಧೂಳೆಬ್ಬಿಸುತ್ತ ಓಡಿ ಬಂದು ಅವರನ್ನು ಹೆಗಲಿಗೇರಿಸಿದರು. “ಇಳಿಸಿ ಮಾರಾಯ್ರೆ, ನನ್ನ ಚಪ್ಪಲಿ ಬಿತ್ತು! ಚಪ್ಪಲಿ!” ಎಂದು ಅವರು ಕೂಗುತ್ತಲೇ ಇದ್ದರು. ಯಾರೂ ಇಳಿಸಲಿಲ್ಲ.